ರೊಟ್ಟಿಗೂ ಕೈ-ಸ್ಕ್ವೇರಿಗೂ

ಮನೆಯಲ್ಲಿ ಓದುವವರು ಒಬ್ಬರಿದ್ದರೆ ಸಾಕು, ನಗುವುದಕ್ಕೆ ಬೇರೆ ಏನೂ ಬೇಡ. ನಮ್ಮಲ್ಲಿ ಓದುವವಳು ನಾದಿನಿ. ಅಜ್ಜಂಪುರದಿಂದ ದಿನಾ ತರೀಕೆರೆಗೆ ಹೋಗಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ. ನಾನು ಹತ್ತನೇ ಕ್ಲಾಸಿಗೇ ನಿಂತವಳು. ಅವಳ ಬಸ್ಸು ತಿರುವು ದಾಟುವವರೆಗೂ ಬಾಗಿಲಲ್ಲೇ ಇರುತ್ತೇನೆ. ಪಿಯುಸಿಗೆ ಸೇರುತ್ತೇನೆ ಅಂದಾಗಲೆಲ್ಲ ನಮ್ಮ ಯಜಮಾನರದು ಒಂದೇ ಮಾತು: "ನೋಡೋಣ."

ಆರಿಸಿದ ರೊಟ್ಟಿ

"ಅತ್ತಿಗೆ, ಪ್ರಾಜೆಕ್ಟಿಗೆ ನಿಮ್ಮ ರೊಟ್ಟಿ ತೂಗ್ತೀನಿ" ಅಂದಳು ನಾದಿನಿ.

"ಎಲ್ಲಾ ಒಂದೇ ತೂಕ ಬರಲ್ಲ ಕಣೇ."

"ಅದೇ ಬೇಕು ನಂಗೆ. ಆ ಏರುಪೇರಿಗೇ ವೇರಿಯನ್ಸ್ ಅನ್ನೋದು. ಕೆಲವು ತೂಗಿ, ಕೈ-ಸ್ಕ್ವೇರ್ ಅಂತ ನಮ್ಮ ಪುಸ್ತಕದಲ್ಲಿ ಒಂದು ಕೋಷ್ಟಕ ಇದೆ, ಅದನ್ನ ನೋಡಿದ್ರೆ, ನೀವು ತಟ್ಟೋ ಎಲ್ಲಾ ರೊಟ್ಟಿಗಳ ಏರುಪೇರು ಇಷ್ಟರಿಂದ ಇಷ್ಟರೊಳಗೆ ಅಂತ ಅಂದಾಜು ಸಿಗುತ್ತೆ."

ಅತ್ತೆಗೆ ಕೇಳಿಸಿತು. ಮನೆ ಮರ್ಯಾದೆ ಕಾಲೇಜಿಗೆ ಹೋಗುತ್ತಿದೆ! ಸೊಟ್ಟದ್ದು, ಸೀದದ್ದು, ದಪ್ಪನೆಯದು ಎಲ್ಲ ಸೆರಗಿನ ಮರೆಯಲ್ಲಿ ಒಳಗೆ ಸಾಗಿಸಿ, ಚೆಂದದವನ್ನೇ ತಟ್ಟೆಗಿಟ್ಟರು. ಏರುಪೇರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಬಂತು. ಲೆಕ್ಚರರ್ ಕೇಳಿದರಂತೆ, "ಏನಮ್ಮ, ರೊಟ್ಟಿ ತಟ್ಟೋದು ನಿಮ್ಮತ್ತಿಗೆನೋ, ಮಿಷನ್ನೋ?"

ಮದುವೆಯಾಗಿ ಬಂದಮೇಲೆ ನನ್ನ ರೊಟ್ಟಿಗೆ ಸಿಕ್ಕ ಮೊದಲ ಹೊಗಳಿಕೆ. ಅದೂ ಅನುಮಾನದ ಮೇಲೆ.

ಮಗಳು ತೆಗೆದದ್ದು

"ಆರಿಸಬಾರದು, ನೋಡದೆ ತೆಗೀಬೇಕು" ಅಂತ ಎರಡನೇ ಸಲ ನಾದಿನಿ ನನ್ನ ಪುಟ್ಟ ಮಗಳ ಕಣ್ಣಿಗೆ ವೇಲು ಕಟ್ಟಿದಳು. ಹತ್ತು ರೊಟ್ಟಿ ತೆಗೆದುಕೊಡಬೇಕಿತ್ತು. ಒಂಬತ್ತು ಬಂತು, ಇನ್ನೊಂದು ಅವಳ ಬಾಯಲ್ಲಿತ್ತು. ನಾನು ಗದರಿದೆ.

"ಬಿಡಿ ಅತ್ತಿಗೆ, ಕೋಷ್ಟಕ ನೋಡೋವಾಗ ನಾವೂ ಒಂದು ಕಳೀತೀವಿ."

"ನೀವ್ಯಾಕೆ ಕಳೀತೀರಿ?"

"ಸರಾಸರಿ ಇಷ್ಟು ಅಂತ ಆದ್ಮೇಲೆ ಉಳಿದವು ಹೆಂಗ್ ಬೇಕಾದ್ರೂ ಇರಬಹುದು. ಕೊನೇದು ಮಾತ್ರ ಎಲ್ಲಾನೂ ಸರಿದೂಗಿಸೋ ಹಂಗೇ ಇರಬೇಕು. ಅದಕ್ಕೆ ಸ್ವಾತಂತ್ರ್ಯ ಇಲ್ಲ."

"ಕೊನೇದು ಅಂತ ಯಾಕಂತೀಯ, ಸೊಸೆ ಅನ್ನು" ಅಂದೆ.

ಎಲ್ಲಿಂದ ಎಲ್ಲಿವರೆಗೆ

ಪ್ರಾಜೆಕ್ಟ್ ಮುಗಿದ ದಿನ ನಾದಿನಿ ಕೈ-ಸ್ಕ್ವೇರ್ ಗೆರೆ ಬರೆದು ತೋರಿಸಿದಳು. ಎಡಗಡೆ ಗಕ್ಕನೆ ಏರುವ ಗುಡ್ಡ, ಬಲಗಡೆ ಎಳೆದಷ್ಟೂ ಎಳೆಯುವ ಬಾಲ. "ಅದಕ್ಕೇ ನಾವು ತೂಗಿ ತೆಗೆದ ಏರುಪೇರಿಗೆ ಅಂದಾಜಿನ ಕೆಳಗಿನ ಮಿತಿ ಹತ್ತಿರ, ಮೇಲಿನ ಮಿತಿ ದೂರ." ಆ ಗೆರೆಯ ಮೇಲೆ ಬೆರಳಾಡಿಸಿದೆ. ಬೋರ್ಡಿನ ಎದುರು ಬೆಂಚಿನ ಮೇಲೆ ಕೂತು ಎಷ್ಟು ಕಾಲವಾಯಿತು!

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ರೀ, ಪಿಯುಸಿಗೆ ಅಡ್ಮಿಷನ್ ಶುರುವಾಗಿದೆ."

"ನೋಡೋಣ."

ನಾದಿನಿ ಬಿಡಲಿಲ್ಲ. "ನೋಡೋಣ ಅಂದ್ರೆ ಯಾವಾಗಿಂದ ಯಾವಾಗಿನ ತನಕ ಅಣ್ಣ? ಕೆಳಗಿನ ಮಿತಿ ಹೇಳು."

"ಬರೋ ವರ್ಷ."

"ಮೇಲಿಂದು?"

ಅವರು ಅಮ್ಮನ ಮುಖ ನೋಡಿದರು. ಅತ್ತೆ, "ನಾನು ಸತ್ತ ಮೇಲೆ" ಅಂದರು.

"ಬಾಲ ಭಾರೀ ಉದ್ದ ಆಯ್ತು ಅತ್ತಿಗೆ" ಅಂತ ನಾದಿನಿ ಪಿಸುಗುಟ್ಟಿದಳು.

ನನಗೆ ಅಳು ಬರುತ್ತಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಅತ್ತೆ, ಮೊನ್ನೆ ಕಡೂರಲ್ಲಿ ಡಾಕ್ಟರು ನಿಮಗೆ ಬಿಪಿ, ಶುಗರ್ ಏನೂ ಇಲ್ಲ ಅಂದ್ರಲ್ಲ. ಅಲ್ಲೀತನಕ ನಾನೇ ಇರ್ತೀನೋ ಇಲ್ವೋ."

ಅತ್ತೆ ತಟ್ಟೆ ಸರಿಸಿ ಮಗನ ಕಡೆ ತಿರುಗಿದರು. "ಲೇ, ನಾಳೇನೇ ಕರ್ಕೊಂಡ್ಹೋಗಿ ಸೇರಿಸ್ಬಿಡೋ ಇವಳ್ನ. ನನ್ನ ಸಾವಿಗೆ ದಿನ ಎಣಿಸ್ಕೊಂಡು ಮನೇಲಿ ಕೂತಿರೋದಕ್ಕಿಂತ ಕಾಲೇಜಲ್ಲಿ ಕೂತಿರ್ಲಿ!"