ಚಿಕ್ಕಮ್ಮನ ಕೆಟ್ಟ ಕಪಾಟು

ನಮ್ಮ ಚಿಕ್ಕಮ್ಮನಿಂದ ಮರ್ಯಾದೆ ಗಿಟ್ಟಿಸಬೇಕೆಂದರೆ ನೀವು ಮೊದಲು ಏನನ್ನಾದರೂ ಕೆಡಿಸಿರಬೇಕು. ಚಿನ್ನದ ಪದಕ, ಬಡ್ತಿ, ಹೊಸ ಕಾರು, ಮಗಳ ರ‍್ಯಾಂಕು ಇವೆಲ್ಲ ಆಕೆಯ ಮುಂದೆ ನಡೆಯುವುದಿಲ್ಲ. ಬೇಕಾದರೆ ಹೇಳಿ ನೋಡಿ, ಎರಡನೇ ವಾಕ್ಯಕ್ಕೇ ಆಕಳಿಸುತ್ತಾಳೆ. ಅದೇ ನೀವು "ಮೊನ್ನೆ ಬೀಗರು ಬಂದ ದಿನವೇ ಹೋಳಿಗೆ ಎಲ್ಲ ಹರಿದುಹೋಯ್ತು ನೋಡಿ" ಅನ್ನಿ. ತಕ್ಷಣ ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು, "ಹೌದಾ? ಯಾಕ ಕೆಡ್ತು? ಮೊದ್ಲಿಂದ ಹೇಳು" ಎಂದು ಮುಖ ಅರಳಿಸಿ ಕೂರುತ್ತಾಳೆ. ಬೇರೆಯವರು ಹೀಗೆ ಮುಖ ಅರಳಿಸಿದರೆ ಜನ ಹೊಟ್ಟೆಕಿಚ್ಚು ಎನ್ನುತ್ತಾರೆ. ನಮ್ಮ ಚಿಕ್ಕಮ್ಮನಿಗೆ ಇದಕ್ಕೆ ಸರ್ಕಾರವೇ ಸಂಬಳ ಕೊಡುತ್ತಿತ್ತು!

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ಒಂದು ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆಕೆ ಗ್ರಂಥಪಾಲಕಿ. ಸೇರಿದಾಗ ಹುದ್ದೆಯ ಹೆಸರು ಅಷ್ಟೇ ಇತ್ತು. ಆಮೇಲೆ ಮೇಲಿನಿಂದ ಒಂದು ಸುತ್ತೋಲೆ ಬಂದು ಅದು "ಜ್ಞಾನ ನಿರ್ವಹಣಾ ಗ್ರಂಥಪಾಲಕರು" ಆಯಿತು. ಹೊಸ ಬೋರ್ಡು ಬಾಗಿಲಿಗಿಂತ ಉದ್ದವಾಗಿ ಪಕ್ಕದ ಉಗ್ರಾಣದ ಗೋಡೆಗೂ ದಾಟಿತು. ಜ್ಞಾನ ಇವಳ ಬಾಗಿಲ ಮೇಲೆ, ಗ್ರಂಥಪಾಲಕರು ಗೊಬ್ಬರದ ಚೀಲಗಳ ಮೇಲೆ! ನಮ್ಮಪ್ಪ ಅದನ್ನು ನೋಡಿ ಬಂದು ತಮ್ಮ ನಾದಿನಿಯನ್ನು ಕೆಣಕಿದರು.

"ಜ್ಞಾನ ನಿರ್ವಹಣೆ ಮಾಡಾಕೆ ಮೊದ್ಲು ಅದು ಇರಬೇಕಲ್ಲವಾ. ನಿಮ್ಮ ಆಫೀಸಿನ್ಯಾಗ ಐತೇನು?"

"ಬೇಕಾದಷ್ಟು ಐತೆ ಭಾವ. ಯಾರೂ ಕೊಡಲ್ಲ, ಅಷ್ಟೆ."

ಸುತ್ತೋಲೆಯಲ್ಲಿ ಬರೆದಿದ್ದು ಇಷ್ಟು: ಸಿಬ್ಬಂದಿ ವರ್ಗವಾಗಿ, ನಿವೃತ್ತರಾಗಿ ಹೋಗುವ ಮೊದಲು ಅವರ ತಲೆಯಲ್ಲಿರುವ ಜ್ಞಾನವನ್ನು ಸಂಗ್ರಹಿಸಿ ಇಡತಕ್ಕದ್ದು. ಇಂಥ ಸುತ್ತೋಲೆಗಳನ್ನು ಏನು ಮಾಡಬೇಕು ಅಂತ ಎಲ್ಲ ಕಚೇರಿಗಳಿಗೂ ಗೊತ್ತು. ಫೈಲಿಗೆ ಸೇರಿಸಿ ದಾರ ಕಟ್ಟಬೇಕು. ಆದರೆ ಚಿಕ್ಕಮ್ಮ ಅದನ್ನು ಓದಿಬಿಟ್ಟಳು! ಓದಿದ್ದಷ್ಟೇ ಅಲ್ಲ, ನಂಬಿಬಿಟ್ಟಳು.

ನಂಬುವುದಕ್ಕೆ ಕಾರಣ ಗುಬ್ಬಿಗಳು. ನಂದಿಗುಡಿ ಕಡೆಯ ಒಂದು ಗದ್ದೆಯಲ್ಲಿ ಬೇಗ ಕೊಯ್ಲಿಗೆ ಬರುವ ಭತ್ತದ ತಳಿಯನ್ನು ಒಬ್ಬ ಅಧಿಕಾರಿ ಪ್ರಯೋಗಕ್ಕೆ ಹಾಕಿದ್ದರು. ಅದು ಹೇಳಿದ ಹಾಗೆ ಬೇಗ ಹಣ್ಣಾಯಿತು. ಸುತ್ತಲಿನ ಗದ್ದೆಗಳೆಲ್ಲ ಇನ್ನೂ ಹಸಿರು, ಇದೊಂದೇ ತುಂಡು ಹಳದಿಯಾಗಿ ನಿಂತಿದೆ. ಸುತ್ತಮುತ್ತಲ ಗುಬ್ಬಿಗಳಿಗೆ ಇನ್ನೇನು ಬೇಕು? ಎಲೆ ಹಾಕಿ ಬಡಿಸಿದ ಹಾಗಾಯಿತು. ಒಂದು ಕಾಳೂ ಉಳಿಯಲಿಲ್ಲ. ಅಧಿಕಾರಿ ತುಟಿ ಬಿಚ್ಚದೆ ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರಿಗೆ ಅದೇ ತಳಿ, ಅದೇ ಹುಮ್ಮಸ್ಸು, ಅದೇ ಗದ್ದೆ. ಅವರೂ ತುಟಿ ಬಿಚ್ಚದೆ ಹೋದರು. ಮೂರನೆಯವರೂ ಬಂದು ಅದನ್ನೇ ಹಾಕಿದಾಗ ಗುಬ್ಬಿಗಳು ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದವಂತೆ.

"ಮೂರೂ ಜನ ನನ್ನ ಹತ್ರನೇ ಪುಸ್ತಕ ಒಯ್ದಿದ್ರು" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಪುಸ್ತಕದಾಗ ಗೆದ್ದಿದ್ದು ಐತೆ, ಸೋತಿದ್ದು ಇಲ್ಲ. ನಮ್ಮ ಆಫೀಸಿನ್ಯಾಗ ಜ್ಞಾನ ನಿರ್ವಹಣೆ ಮಾಡ್ತಿದ್ದೋರು ಆ ಗುಬ್ಬಿಗಳು ಮಾತ್ರ ನೋಡು. ಹಿರೇರು ಕಿರೇರಿಗೆ ಸರ್ಯಾಗಿ ಹೇಳಿಕೊಟ್ಟಿದ್ವು!"

ಅವತ್ತಿನಿಂದ ಕೆಟ್ಟ ಕಪಾಟು ಶುರುವಾಯಿತು. ಮೂಲೆಯಲ್ಲಿದ್ದ ಕಬ್ಬಿಣದ ಕಪಾಟಿಗೆ ಕೆಂಪು ಬಣ್ಣದಲ್ಲಿ "ಕೆಟ್ಟಿದ್ದು" ಎಂದು ಬರೆಸಿದಳು. ಮೊಳೆಯದ ಬೀಜ, ಕೊಳೆತ ಸಸಿ, ತಲೆಕೆಳಗಾದ ಲೆಕ್ಕಾಚಾರ, ರೈತರು ಬೈದು ಕಳಿಸಿದ ಸಲಹೆ ಎಲ್ಲಕ್ಕೂ ಅಲ್ಲಿ ಜಾಗ. ಕೆಟ್ಟಿದ್ದು ಹೇಗೆ, ಯಾಕೆ, ಮತ್ತೆ ಮಾಡುವವರು ಏನನ್ನು ನೋಡಿಕೊಳ್ಳಬೇಕು, ಇಷ್ಟನ್ನೇ ಬರೆದಿಡುತ್ತಿದ್ದಳು. ಕೆಡಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಆದರೆ ದೊಡ್ಡ ದೊಡ್ಡ ವಿಜ್ಞಾನಿಗಳು ತಾವು ಕೆಡಿಸಿದ್ದನ್ನು ಸುಮ್ಮನೆ ಹೇಳುತ್ತಾರೆಯೇ? ಅದಕ್ಕೆ ಚಿಕ್ಕಮ್ಮನ ಹತ್ತಿರ ಮಂತ್ರವಿತ್ತು. ಕಿಟಕಿಯ ಹತ್ತಿರ ಎದುರುಬದುರು ಎರಡು ಕುರ್ಚಿ. ಒಂದು ಹೇಳುವವರಿಗೆ, ಇನ್ನೊಂದು ಆಕೆಗೆ. ನಡುವೆ ಒಂದು ತಟ್ಟೆ ಮಂಡಕ್ಕಿ, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ. "ಬಾಯಿ ಉರಿಯೋವಾಗ ಸುಳ್ಳು ಹೊರಗ ಬರಲ್ಲ" ಎನ್ನುವುದು ಆಕೆಯ ಸಿದ್ಧಾಂತ. ಉರಿಯುವ ಬಾಯಿಗೆ ಗಾಳಿ ಎಳೆದುಕೊಳ್ಳುವುದೇ ಕೆಲಸವಾಗಿರುವಾಗ ಸುಳ್ಳು ಜೋಡಿಸಲು ಪುರುಸೊತ್ತೆಲ್ಲಿ? ತಾನು ಮಾತ್ರ ಅದೇ ಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಚ್ಚುತ್ತಾಳೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ! ನಮ್ಮ ವಂಶದಲ್ಲಿ ಇಂಥ ನಾಲಿಗೆ ಇನ್ನೊಂದಿಲ್ಲ.

ಮಂಡಕ್ಕಿ ಬರುತ್ತಿದ್ದದ್ದು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಿಂದ. ಭಟ್ಟಿಯ ಯಜಮಾನರನ್ನು ಆಕೆ ಚಾಚಾ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಅವರನ್ನೂ ಬಿಡಲಿಲ್ಲ.

"ಚಾಚಾ, ಮಂಡಕ್ಕಿ ಯಾವಾಗರೆ ಕೆಟ್ಟೈತೇನು?"

"ಬೋಣಿ ಟೈಮಿನ್ಯಾಗ ಇಂಥಾ ಸವಾಲ್ ಕೇಳಬ್ಯಾಡ್ರಿ ಮೇಡಂ! ಸಂಜಿಗೆ ಬರ್ರಿ, ಆರಾಮಾಗಿ ಹೇಳ್ತೀನಿ" ಎಂದು ಅವರು ಕೈಮುಗಿದರಂತೆ. ಚಿಕ್ಕಮ್ಮ ಸಂಜೆಗೆ ಹೋದಳು. ಬಿಡುತ್ತಾಳೆಯೇ?

ಕಚೇರಿಯಲ್ಲಿ ಹಿರಿಯ ವಿಜ್ಞಾನಿಯೊಬ್ಬರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಕುರ್ಚಿಗೆ ಕರೆದರೆ, "ನನ್ನ ಸರ್ವೀಸಿನ್ಯಾಗ ಏನೂ ಕೆಟ್ಟಿಲ್ಲ ಬಿಡ್ರಿ ಮೇಡಂ" ಎಂದು ಗತ್ತಿನಿಂದ ಹೊರಟರು. ಚಿಕ್ಕಮ್ಮ ಪೆನ್ನಿನ ಟೋಪಿ ತೆಗೆದು ತಣ್ಣಗೆ ಕೇಳಿದಳು: "ಹಂಗಾದ್ರೆ ಸಾರ್ ಏನೂ ಮಾಡಿಲ್ಲ ಅಂತ ಬರ್ಕೊಳ್ಳಲೇನ್ರಿ?" ಅವರು ಅಲ್ಲಿಂದಲೇ ವಾಪಸು ಬಂದು ಕುಳಿತರು. ಬಜ್ಜಿ ಮುಗಿದು ಇನ್ನೊಂದು ತಟ್ಟೆ ತರಿಸಬೇಕಾಯಿತು.

ಈ ಕೇಳುವ ಚಟ ಕಚೇರಿಯ ಗೇಟಿನಲ್ಲೇ ನಿಂತಿದ್ದರೆ ನಾವೂ ಸುಖವಾಗಿರುತ್ತಿದ್ದೆವು. ಹರಿಹರದ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನಾಯಿತು ಗೊತ್ತೇ? ಮೊದಲು ಬಂದ ಹುಡುಗ ಗುಣದ ಗಣಿ. ಚಹಾ ಕೂಡ ಕುಡಿಯುವುದಿಲ್ಲ. ಅಮ್ಮ ಆಗಲೇ ಮನಸ್ಸಿನಲ್ಲಿ ಚಪ್ಪರ ಹಾಕಿಸಿದ್ದಳು. ಅಷ್ಟರಲ್ಲಿ ಚಿಕ್ಕಮ್ಮ ಬಜ್ಜಿಯ ತಟ್ಟೆ ಮುಂದೆ ತಳ್ಳಿ, "ಇಲ್ಲಿವರ್ಗೂ ಏನೇನು ಕೆಡಿಸೀಯಪ್ಪಾ?" ಎಂದುಬಿಟ್ಟಳು. "ನನ್ನ ಕೈಯಾಗ ಏನೂ ಕೆಟ್ಟಿಲ್ಲ" ಎಂದ ಹುಡುಗ. ಅವರು ಹೋದ ಮೇಲೆ ಚಿಕ್ಕಮ್ಮನ ತೀರ್ಪು ಬಂತು: "ಬ್ಯಾಡ. ಇನ್ನೂ ಏನೂ ಕೆಡಿಸದೇ ಇರೋನು ಮದುವಿ ಆದಮ್ಯಾಗ ಶುರು ಮಾಡ್ತಾನೆ."

ಎರಡನೆಯ ಹುಡುಗ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅದೇ ಪ್ರಶ್ನೆ, ಅದೇ ಬಜ್ಜಿ. ಪಾಪ, ಮೂಗು ಒರೆಸಿಕೊಳ್ಳುತ್ತ ಹೇಳಿದ: "ಒಮ್ಮೆ ಮಷೀನಿಗೆ ಅಚ್ಚು ತಿರುಗುಮುರುಗ ಹಾಕಿಬಿಟ್ಟಿದ್ದೆರಿ. ಇಡೀ ಪಾಳಿ ಮಾಲು ಗುಜರಿಗೆ ಹೋತು. ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ನಾನೇ ಹೋಗಿ ಹೇಳ್ದೆ." ಅವನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಚಿಕ್ಕಮ್ಮ ಅಡುಗೆಮನೆಯ ಕಡೆ ತಿರುಗಿ, "ಅಕ್ಕಾ, ಪಾಯಸಕ್ಕೆ ಇಡು!" ಎಂದು ಕೂಗಿದಳು. ಆ ಗುಜರಿ ಮಹಾಶಯನೇ ಈಗ ನನ್ನ ಗಂಡ. ಈಗಲೂ ಏನಾದರೂ ಕೆಡಿಸುತ್ತಲೇ ಇರುತ್ತಾನೆ, ಆದರೆ ತಾನೇ ಬಂದು ಹೇಳುತ್ತಾನೆ. ಚಿಕ್ಕಮ್ಮನ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ.

ಕೊಂಡಜ್ಜಿಯಲ್ಲಿ ಸ್ಕೌಟು ಮಕ್ಕಳ ಶಿಬಿರಕ್ಕೆ ಒಮ್ಮೆ ಆಕೆಯನ್ನು ಅತಿಥಿಯಾಗಿ ಕರೆದರು. ಮಕ್ಕಳು ಅವತ್ತು ಮಾಡಿದ ಒಳ್ಳೆಯ ಕೆಲಸವನ್ನು ಎದ್ದು ನಿಂತು ಹೇಳಬೇಕಿತ್ತು. ಒಬ್ಬೊಬ್ಬರೂ "ಅಜ್ಜಿಗೆ ದಾರಿ ತೋರಿಸಿದೆ" ಅಂತಲೇ ಹೇಳಿದರು. ಆ ಕಾಡಿನ ಅಂಚಿನಲ್ಲಿ ಅಷ್ಟೊಂದು ಅಜ್ಜಿಯರು ದಾರಿ ತಪ್ಪಿದ್ದು ಹೇಗೆ? ಚಿಕ್ಕಮ್ಮ ಎದ್ದು, "ಅದು ಇರ್ಲಿ, ಇವತ್ತು ಏನು ಕೆಡಿಸಿದ್ರಿ ಹೇಳ್ರಿ" ಎಂದಳು. ತಗೋ! ಗಂಟು ಬಿಚ್ಚಿ ಡೇರೆ ಬಿದ್ದದ್ದು, ಅನ್ನ ಸೀದದ್ದು, ಕೆರೆಗೆ ಚಪ್ಪಲಿ ಹೋದದ್ದು... ಮಕ್ಕಳು ಸಾಲುಗಟ್ಟಿ ನಿಂತರು. ಊಟದ ಗಂಟೆ ಹೊಡೆದರೂ ಸಾಲು ಕರಗಲಿಲ್ಲ. ಮಕ್ಕಳನ್ನು ಊಟಕ್ಕೆ ಎಳೆದೊಯ್ಯಲು ಬಂದ ಶಿಬಿರದ ಮುಖ್ಯಸ್ಥರು, ಸ್ವಲ್ಪ ಹೊತ್ತು ಕೇಳಿ, ತಾವೂ ಸಾಲಿನ ಕೊನೆಯಲ್ಲಿ ನಿಂತುಕೊಂಡರು.

ಇಷ್ಟೆಲ್ಲ ಜನ ಕುಳಿತೆದ್ದ ಆ ಕುರ್ಚಿಗೆ ಬಾರದವರು ಒಬ್ಬರೇ, ಕೇಂದ್ರಕ್ಕೆ ಹೊಸದಾಗಿ ಬಂದ ಸಾಹೇಬರು. ಅವರಿಗೆ ಕೆಟ್ಟ ಕಪಾಟು ಕಂಡರೆ ಆಗದು. ಕೆಲಸ ಪರಿಶೀಲಿಸಲು ಮೇಲಿನಿಂದ ಸಮಿತಿ ಬರುತ್ತದೆ ಎಂದಾಗ ಚಿಕ್ಕಮ್ಮನನ್ನು ಕರೆಸಿದರು.

"ಮೇಡಂ, ಬೀಗರು ಬಂದಾಗ ಹರಿದ ಚಾಪಿ ಯಾರರೆ ಪಡಸಾಲ್ಯಾಗ ಹಾಸ್ತಾರೇನ್ರಿ? ಆ ಕಪಾಟು ಯಾರ ಕೈಗೂ ಸಿಗದಂಗೆ ಇಡಿಸ್ರಿ."

"ಆತು ಸಾರ್" ಎಂದಳು ಚಿಕ್ಕಮ್ಮ. ಆಕೆ ಇಷ್ಟು ಸುಲಭವಾಗಿ ಒಪ್ಪಿದರೆ ಹೆದರಬೇಕು ಎಂದು ಸಾಹೇಬರಿಗೆ ಯಾರೂ ಹೇಳಿರಲಿಲ್ಲ. ಅವರು ಸಮಿತಿಯನ್ನು ಕರೆತರಲು ಸ್ಟೇಷನ್ನಿಗೆ ಹೋದ ಹೊತ್ತಿನಲ್ಲಿ ಕಪಾಟನ್ನು ಹೊರಿಸಿಕೊಂಡು ಹೋಗಿ ಅವರದೇ ಕೋಣೆಯಲ್ಲಿ ಇಡಿಸಿದಳು. "ನಿಮ್ಮ ರೂಮಿಗೆ ಅಪ್ಪಣೆ ಇಲ್ದೆ ನೊಣಾನೂ ಬರಲ್ಲ ಸಾರ್. ಅದ್ಕಿಂತ ಭದ್ರ ಜಾಗ ಎಲ್ಲೈತೆ?" ಎಂದು ಆಮೇಲೆ ಅವರಿಗೇ ವಿವರಣೆ ಕೊಟ್ಟಳು.

ಸಮಿತಿ ಚಹಾಕ್ಕೆಂದು ನೇರ ಸಾಹೇಬರ ಕೋಣೆಗೇ ಬಂತು. ಕೆಂಪು ಅಕ್ಷರ ಯಾರನ್ನು ತಾನೇ ಕರೆಯುವುದಿಲ್ಲ? ಸಮಿತಿಯ ಮುಖ್ಯಸ್ಥರು ಕಪಾಟಿನ ಬಾಗಿಲು ತೆಗೆದು ಓದತೊಡಗಿದರು. ಓದುತ್ತ ಓದುತ್ತ ಗುಬ್ಬಿಗಳ ಕತೆಗೆ ಬಂದಾಗ ತೊಡೆ ತಟ್ಟಿ ನಕ್ಕರು. "ಅಯ್ಯೋ, ಇದನ್ನು ನಾನೂ ಕೆಡಿಸಿದ್ದೇನೆ ಕಣ್ರೀ! ನಮ್ಮಲ್ಲಿ ತಿಂದದ್ದು ಗಿಳಿ!" ಚಹಾ ಆರಿತು. ಕೇಂದ್ರದ ಸಾಧನೆ ತೋರಿಸಲೆಂದು ಸಾಹೇಬರು ಗೋಡೆಗೆ ತೂಗುಹಾಕಿಸಿದ್ದ ಬಣ್ಣದ ಪಟಗಳು ಅಲ್ಲೇ ತೂಗಿದವು. ಸಮಿತಿಯವರೆಲ್ಲ ಒಬ್ಬರಾದ ಮೇಲೊಬ್ಬರು ಗ್ರಂಥಾಲಯದ ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ, ಬಜ್ಜಿ ತಿಂದು, ಮನಸ್ಸು ಹಗುರ ಮಾಡಿಕೊಂಡು ಹೋದರು.

ಹೊಗಳಿಕೆಯೇನೋ ಬಂತು. ಆದರೆ ಸಾಹೇಬರು ಕರಗಲಿಲ್ಲ. "ನೀವು ರಿಟೈರ್ ಆಗೋವರ್ಗೂ ಕಪಾಟು ಇರ್ಲಿ ಮೇಡಂ, ಆಮ್ಯಾಗ ನೋಡಾಣ" ಎಂದರು. ನೋಡುವುದೇನು? ಚಿಕ್ಕಮ್ಮನ ಜಾಗಕ್ಕೆ ಇನ್ನೊಬ್ಬರನ್ನು ಹಾಕುವುದಿಲ್ಲವಂತೆ, ಆ ಕೋಣೆ ವಿಡಿಯೋ ಸಭೆಗೆ ಬೇಕಂತೆ. ಆ ಸಂಜೆ ಆಕೆ ನಮ್ಮ ಮನೆಗೆ ಬಂದು ರೊಟ್ಟಿ ಮುರಿಯುತ್ತ ಕುಳಿತಳು. ನಾನು ಬೇಕೆಂತಲೇ, "ಪಲ್ಯ ಸ್ವಲ್ಪ ಸೀದೈತೆ ಚಿಕ್ಕಮ್ಮ" ಎಂದೆ. ಯಾಕೆ ಎಂದು ಕೇಳಲಿಲ್ಲ! ನನಗೆ ಹೆದರಿಕೆಯಾಯಿತು.

"ಕಪಾಟು ಗೋಡೌನಿಗೆ ಹೋಗ್ಲಿ, ಚಿಂತಿಲ್ಲ" ಎಂದಳು ಕೊನೆಗೆ. "ಆ ಕುರ್ಚಿ ಖಾಲಿ ಆಗಬಾರ್ದು ನೋಡು. ಕೇಳೋರು ಇಲ್ದಿದ್ರೆ ಯಾರು ತಾವಾಗೇ ಬಂದು ಕೆಡಿಸಿದ್ದು ಹೇಳ್ತಾರೆ? ಮತ್ತೆ ಗುಬ್ಬಿಗಳದ್ದೇ ರಾಜ್ಯ."

ಅಲ್ಲಿಂದ ಕೇಳುವವರ ಹುಡುಕಾಟ ಶುರುವಾಯಿತು. ಒಬ್ಬ ಯುವ ವಿಜ್ಞಾನಿ, "ನಾನು ಹಿರೇರನ್ನ ಹಿಂಗ ಕೇಳಿದ್ರೆ ನನ್ನ ಬಡ್ತಿ ಕೆಡ್ತೈತೆ ಮೇಡಂ" ಎಂದು ಜಾರಿಕೊಂಡ. ಜೀಪಿನ ಚಾಲಕ ಉತ್ಸಾಹದಿಂದ ಒಪ್ಪಿಕೊಂಡ, ಆದರೆ ಕೇಳುವ ಧಾಟಿಗೆ ಎದುರು ಕುಳಿತವರು ವಕೀಲರನ್ನು ಕರೆಸುವ ಸ್ಥಿತಿಗೆ ಬಂದರು. ನಿವೃತ್ತಿಯ ದಿನ ಬಂತು, ಕೇಳುವವರು ಮಾತ್ರ ಸಿಗಲಿಲ್ಲ.

ಅವತ್ತು ನಾನೂ ಹೋಗಿದ್ದೆ. ಸಮಾರಂಭ ಗ್ರಂಥಾಲಯದಲ್ಲೇ. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಹೇಬರು ಚಿಕ್ಕಮ್ಮನ ಸಾಧನೆಗಳನ್ನು ಹೇಳುತ್ತ ಹೋದರು, ಚಿಕ್ಕಮ್ಮ ವೇದಿಕೆಯ ಮೇಲೇ ಆಕಳಿಸಿದಳು. ಕೊನೆಗೆ ಆಕೆಯ ಸರದಿ. ಮೈಕಿನ ಹತ್ತಿರ ಹೋಗಲೇ ಇಲ್ಲ. ಹಾರವನ್ನು ಹಾಕಿಕೊಂಡೇ ಕಿಟಕಿಯ ಕಡೆ ನಡೆದು, ತನ್ನ ಕುರ್ಚಿ ಬಿಟ್ಟು, ಎದುರಿನದರಲ್ಲಿ ಕುಳಿತಳು. ಹೇಳುವವರ ಕುರ್ಚಿಯಲ್ಲಿ!

"ನಂದೂ ಒಂದು ಕೆಟ್ಟಿದ್ದು ಐತ್ರಿ" ಎಂದಳು. "ಎಲ್ಲಾರ್ನೂ ಕೇಳ್ದೆ, ಎಲ್ಲಾ ಬರ್ದಿಟ್ಟೆ. ಹಿಂಗ ಕೇಳಾಕೆ ಇನ್ನೊಬ್ರನ್ನ ತಯಾರು ಮಾಡ್ಲಿಲ್ಲ. ಯಾರರೆ ಬರ್ಕೊಳ್ರಿ."

ಎದುರಿನ ಖಾಲಿ ಕುರ್ಚಿಯನ್ನು ನೋಡಲಾಗದೆ ನಾನು ನೆಲ ನೋಡುತ್ತ ನಿಂತೆ. ಇಷ್ಟು ದೊಡ್ಡ ಜೀವ ಇಷ್ಟು ಸಣ್ಣದಾಗಿ ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಂಕಟವಾಯಿತು.

ಕುರ್ಚಿ ಎಳೆದ ಸದ್ದಾಯಿತು. ತಲೆ ಎತ್ತಿದರೆ ಸಾಹೇಬರು! ಚಿಕ್ಕಮ್ಮನ ಜಾಗದಲ್ಲಿ ಕುಳಿತು, ಜೇಬಿನಿಂದ ಪೆನ್ನು ತೆಗೆದು, ಅತಿಥಿಗಳಿಗೆಂದು ತರಿಸಿದ್ದ ಬಜ್ಜಿಯ ತಟ್ಟೆಯನ್ನು ಮೆಲ್ಲಗೆ ಆಕೆಯ ಮುಂದೆ ತಳ್ಳಿದರು.

"ಯಾಕ ಕೆಡ್ತು? ಮೊದ್ಲಿಂದ ಹೇಳ್ರಿ ಮೇಡಂ."

ಚಿಕ್ಕಮ್ಮ ಅವರನ್ನೇ ನೋಡಿದಳು. ಒಂದು ಬಜ್ಜಿ ತೆಗೆದುಕೊಂಡು ಕಚ್ಚಿದಳು. ಸೌತೆಕಾಯಿಯ ಹಾಗೆ ಮೆಣಸಿನಕಾಯಿ ತಿನ್ನುವ ನಮ್ಮ ಚಿಕ್ಕಮ್ಮನ ಕಣ್ಣು ತುಂಬಿ, ಕನ್ನಡಕದ ಕೆಳಗಿಂದ ನೀರು ಇಳಿಯತೊಡಗಿತು.

"ಖಾರ ಐತ್ರಿ" ಎಂದಳು.

ಬಾಯಿ ಉರಿಯುವಾಗ ಸುಳ್ಳು ಬರುವುದಿಲ್ಲ ಎಂದು ಊರಿಗೆಲ್ಲ ಸಾಧಿಸಿ ತೋರಿಸಿದವಳು, ಬಾಯಿತುಂಬ ಬಜ್ಜಿ ಇಟ್ಟುಕೊಂಡು ನಮ್ಮೆಲ್ಲರ ಎದುರು ಅಪ್ಪಟ ಸುಳ್ಳು ಹೇಳಿದಳು. ಸಾಹೇಬರು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡರು.