ಒಂದಕ್ಕೆ ಬಂದ ಕಷ್ಟ

ಕನ್ನಡ ಪಾಠ ಹೇಳುವವರಿಗೆ ಮಾತಿಗೆ ಬರವಿಲ್ಲ ಎಂದು ಜನ ನಂಬಿದ್ದಾರೆ. ನಾನೂ ನಂಬಿದ್ದೆ. ನೀರಿಗೆ ಇನ್ನೊಂದು ಹೆಸರು ಕೇಳಿದರೆ ಜಲ, ಉದಕ, ತೋಯ ಎಂದು ಒಂದೇ ಉಸಿರಿಗೆ ಹೇಳಬಲ್ಲೆ. ಆದರೆ ಅದೇ ನೀರು ಕುಡಿದ ಮೇಲೆ ಹೊರಗೆ ಹೋಗಬೇಕಲ್ಲ, ಆ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಬೇಕಾದರೆ ನನ್ನ ನಾಲಿಗೆ ಬಿದ್ದೇ ಹೋಗುತ್ತದೆ. ನಮ್ಮ ದೇವಸಮುದ್ರದ ಹೈಸ್ಕೂಲಿನ ಮಕ್ಕಳೇ ವಾಸಿ. ಕಿರುಬೆರಳೆತ್ತಿ ‘ಮಿಸ್, ಒಂದಕ್ಕೆ’ ಎಂದು ಓಡುತ್ತವೆ. ಟೀಚರುಗಳ ಶೌಚಾಲಯದ ಬೀಗದ ಕೈ ಇರುವುದು ಹೆಡ್‌ಮಾಸ್ಟರ ಮೇಜಿನ ಮೇಲೆ. ಅವರ ಮುಂದೆ ಹೋಗಿ ಅದನ್ನು ಕೇಳುವುದಕ್ಕಿಂತ ನೀರು ಕುಡಿಯುವುದನ್ನೇ ಬಿಡುವುದು ಮರ್ಯಾದೆ ಎಂದುಕೊಂಡಿದ್ದೆ.

ಮರ್ಯಾದೆ ಉಳಿಯಿತು, ಬೇಸಿಗೆ ಶುರುವಾಗುವಷ್ಟರಲ್ಲಿ ಉರಿ ಹತ್ತಿಕೊಂಡಿತು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮೊದಲ ಡಾಕ್ಟರು ನಮ್ಮತ್ತೆ. ರೇಷ್ಮೆ ನೂಲು ಸುತ್ತುತ್ತಿದ್ದವರು ತಲೆಯೆತ್ತದೆ ‘ವೇಡಿ ಚೇಸಿಂದಿ’ ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟರು. ಉಷ್ಣವಂತೆ. ಹೊಕ್ಕುಳಿಗೆ ಹರಳೆಣ್ಣೆ ಬಿತ್ತು, ಹೊಟ್ಟೆಗೆ ಬಾರ್ಲಿ ನೀರು ಹೋಯಿತು. ಆಮೇಲೆ ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ಮನೆಮಂದಿಯೆಲ್ಲ ಅರ್ಧ ತಿಂದು ಬಿಟ್ಟ ಮಾತ್ರೆಗಳ ಖಜಾನೆ ಅದು. ‘ನಿನ್ ಗಂಡನ ಹಲ್ಲುನೋವು ಇದ್ರಾಗೇ ಹೋಗಿದ್ದು, ನುಂಗು’ ಎಂದರು. ನುಂಗಿದೆ. ಉರಿ ಇಳಿದ ಹಾಗೆ ಮಾಡಿ ಮತ್ತೆ ಏರಿತು.

ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ಕೆಮ್ಮಿನ ಔಷಧಿಗೆ ನಿಂತಿದ್ದರು, ‘ನಮಸ್ಕಾರ ಮೇಡಂ’ ಎಂದು ಬೇರೆ ಅಂದರು. ನಾನು ಅಂಗಡಿಯವರತ್ತ ಬಾಗಿ, ‘ಒಂದಕ್ಕೆ ಮಾತ್ರೆ ಕೊಡ್ರಿ’ ಎಂದು ಪಿಸುಗುಟ್ಟಿದೆ.

‘ಒಂದಿನಕ್ಕಾ ಮೇಡಂ? ಜ್ವರಾನಾ?’

ಅಲ್ಲಿಂದ ಪಾರಾದರೆ ಸಾಕಾಗಿತ್ತು, ಎರಡಕ್ಕೂ ತಲೆಯಾಡಿಸಿದೆ. ಅವರು ಒಂದು ದಿನಕ್ಕಾಗುವಷ್ಟು ಮಾತ್ರೆ ಕತ್ತರಿಸಿ ಕೊಟ್ಟರು. ಸುಳ್ಳು ಹೇಳಿದ್ದಕ್ಕೋ ಏನೋ, ಆ ವಾರದಲ್ಲೇ ನಿಜವಾಗಿ ಜ್ವರ ಬಂತು. ಚಳಿ, ನಡುಕ, ಬೆನ್ನಿನಲ್ಲಿ ನೋವು. ಯಜಮಾನರು ಮಗ್ಗ ಬಿಟ್ಟು ಎದ್ದು ನನ್ನನ್ನು ಚಳ್ಳಕೆರೆಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯ ಹಂಪುಗಳಲ್ಲಿ ಬಸ್ಸು ಒಂದನ್ನೂ ಬಿಡಲಿಲ್ಲ.

ಡಾಕ್ಟರು ಬೆನ್ನಿನ ಎರಡೂ ಕಡೆ ತಟ್ಟಿ ನೋಡಿದರು. ‘ಸೋಂಕು ಕಿಡ್ನಿ ತನಕ ಏರಿದೆ ಅನ್ಸುತ್ತೆ. ಕಲ್ಚರ್ ಟೆಸ್ಟ್ ಮಾಡಿಸೋಣ. ಸದ್ಯಕ್ಕೆ ಒಂದು ಔಷಧಿ ಕೊಟ್ಟಿರ್ತೀನಿ. ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ, ಯಾವ್ಯಾವ ಔಷಧಿಗೆ ಸಾಯುತ್ತೆ ಅಂತ ನೋಡ್ತಾರೆ. ಯಾವ ಮಾತ್ರೆಗೂ ಬಗ್ಗದಿದ್ರೆ ಅಡ್ಮಿಟ್ ಮಾಡಿ ಇಂಜೆಕ್ಷನ್ನೇ ಗತಿ.’ ಮೊದಲು ಸ್ವಲ್ಪ ಬಿಟ್ಟು ನಡುವಿನದ್ದನ್ನು ಹಿಡಿದು ಕೊಡಿ ಎಂದು ನರ್ಸಮ್ಮ ಡಬ್ಬಿ ಕೊಟ್ಟರು.

ಫಲಿತಾಂಶ ಬರುವವರೆಗೆ ನನ್ನ ಜೀವ ಕೈಯಲ್ಲಿತ್ತು. ಮಲಗಿದರೆ ಕಿಡ್ನಿ, ಎದ್ದರೆ ಕಿಡ್ನಿ. ಅತ್ತೆಗೆ ಬೇರೆಯದೇ ಚಿಂತೆ. ‘ನಮ್ ಸೊಸೆ ಕಲ್ಚರಿಗೆ ಏನಾಗೈತೆ? ಯಾರ ಮುಂದಾನಾ ಜೋರಾಗಿ ಮಾತಾಡ್ಯಾಳಾ?’ ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು. ಜೋರಾಗಿ ಮಾತಾಡಿದ್ದರೆ ಕಲ್ಚರ್ ಟೆಸ್ಟೇ ಬೇಕಿರಲಿಲ್ಲ ಎಂದು ಅವರಿಗೆ ಹೇಗೆ ಹೇಳುವುದು!

ಫಲಿತಾಂಶ ಬಂದ ದಿನ ಮತ್ತೆ ಚಳ್ಳಕೆರೆಗೆ ಹೋದೆವು. ‘ಬಿಡಿ ಬಿಡಿಯಾಗಿ ಏನೇನು ಮಾತ್ರೆ ತಿಂದಿದ್ರಿ?’ ಎಂದೇ ಡಾಕ್ಟರು ಮಾತು ಶುರು ಮಾಡಿದರು. ಬಿಸ್ಕತ್ತಿನ ಡಬ್ಬಿಯ ಕಥೆ ಹೇಳಿದೆ. ‘ಅರ್ಧಂಬರ್ಧ ತಿಂದ್ರೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಗಟ್ಟಿಯಾಗ್ತಾವೆ. ನಾವು ಸಾಮಾನ್ಯವಾಗಿ ಕೊಡೋ ಮಾತ್ರೆಗಳಿಗೆಲ್ಲ ಇವು ಜಗ್ಗೋದಿಲ್ಲ. ನಾನು ಮೊದಲು ಕೊಟ್ಟಿದ್ದಕ್ಕೂ ಇಲ್ಲ. ಪುಣ್ಯಕ್ಕೆ ಒಂದು ಮಾತ್ರೆ ಉಳಿದಿದೆ. ಆರಾಮ ಅನ್ನಿಸಿದ್ರೂ ಪೂರ್ತಿ ಮುಗಿಸ್ಬೇಕು. ಮುಗಿದ ಮೇಲೆ ಫೋನ್ ಮಾಡಿ.’ ಅಡ್ಮಿಟ್ ಆಗಬೇಕಿಲ್ಲ ಎಂಬ ಖುಷಿಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಪೂರ್ತಿ ಮುಗಿಸಿದೆ. ಜ್ವರ ಹೋಯಿತು, ಉರಿ ಹೋಯಿತು. ಒಂದಕ್ಕೆ ಹೋಗಿ ಬರುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹೆಡ್‌ಮಾಸ್ಟರ ಮೇಜಿನಿಂದ ಬೀಗದ ಕೈಯನ್ನು ಈಗ ಕೇಳದೆಯೇ ಎತ್ತಿಕೊಳ್ಳುತ್ತೇನೆ. ಇನ್ನು ನಾಚಿಕೆಯ ಮಾತೇ ಇಲ್ಲ ಎಂಬ ಹುರುಪಿನಲ್ಲಿ ದೇವಸಮುದ್ರದ ಬಸ್ಸಿನಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಬಸ್ಸು ತುಂಬಿತ್ತು. ಹುರುಪು ಗಂಟಲಲ್ಲೇ ನಿಂತಿತು.

‘ಒಂದಕ್ಕೆ ಏನೂ ತೊಂದರೆ ಇಲ್ಲ ಮೇಡಂ’ ಎಂದೆ.

‘ಒಂದಕ್ಕೆ ಇಲ್ಲ ಅಂದ್ರೆ? ಇನ್ನೊಂದು ಕಿಡ್ನಿ ಕಡೆ ನೋವಿದೆಯಾ?’ ಡಾಕ್ಟರು ಗಾಬರಿಯಾದರು.

‘ಇಲ್ಲ ಇಲ್ಲ, ಎರಡಕ್ಕೂ ಇಲ್ಲ!’ ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು.

ಫೋನ್ ಇಟ್ಟ ಮೇಲೆ ಪಕ್ಕದ ಸೀಟಿನ ಅಜ್ಜಿ ನನ್ನ ತೊಡೆಯ ಮೇಲೆ ಕೈಯಿಟ್ಟಿತು. ‘ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ವೇನವ್ವಾ? ಪಾಪ, ಎಷ್ಟು ದಿನಾತು?’ ಎಂದು ಸೆರಗಿನ ಗಂಟು ಬಿಚ್ಚಿ, ಅರ್ಧ ಖಾಲಿಯಾದ ಮಾತ್ರೆಯ ಹಾಳೆಯೊಂದನ್ನು ತೆಗೆಯಿತು. ‘ನಮ್ ಸೊಸೆ ಉಳ್ಸಿದ್ದು. ಭಾರೀ ಪವರ್ ಐತೆ, ತಗಾ.’