ಗುರುಗಳ ಹುಟ್ಟುಹಬ್ಬಕ್ಕೊಂದು ದೃಶ್ಯ

ಯಾರ ಹುಟ್ಟುಹಬ್ಬಕ್ಕಾದರೂ ನಾನು ಮನಸ್ಸಿಟ್ಟು ಶುಭಾಶಯ ಬರೆದೆನೆಂದರೆ ಅವರಿಂದ ನನಗೇನೋ ಆಗಬೇಕಿದೆ ಎಂದೇ ತಿಳಿಯಬೇಕು. ಸ್ವಂತ ಮಗಳ ಹುಟ್ಟುಹಬ್ಬವನ್ನು ಬೆಳಿಗ್ಗೆ ಮರೆತು ಸಂಜೆ ಬೈಸಿಕೊಂಡವನು ನಾನು. ಶಾಲೆಯ ತಪಾಸಣೆಗೆ ಬರುವ ಸಾಹೇಬರದ್ದು ಮಾತ್ರ ಅದು ಹೇಗೋ ವರ್ಷವೂ ತಪ್ಪದೆ ನೆನಪಾಗುತ್ತದೆ. ಇಷ್ಟನ್ನು ಒಪ್ಪಿಕೊಂಡ ಮೇಲೆ ಗುರುಗಳ ಹುಟ್ಟುಹಬ್ಬದ ಕಥೆ ಹೇಳಲು ನನಗೆ ಸಂಕೋಚವಿಲ್ಲ.

ಹಳದೀಪುರದಲ್ಲಿ ಮಾಸ್ತರಿಕೆ ಮಾಡಿಕೊಂಡು ಸುಮ್ಮನಿರಬಹುದಾಗಿದ್ದ ನಾನು, ನಮ್ಮ ಕಡೆ ಸೈಬರ್ ಕೆಫೆಗಳು ಹೊಸದಾಗಿ ಬಾಗಿಲು ತೆರೆದ ಕಾಲದಲ್ಲಿ ಒಂದು ಸಿನಿಮಾ ಚಿತ್ರಕಥೆ ಬರೆದುಬಿಟ್ಟೆ. ಯಾಣದ ಬಂಡೆಗಳ ನಡುವೆ ಮದುಮಗನೊಬ್ಬ ಕಳೆದುಹೋಗುವ ಕಥೆ, ನೂರ ಹನ್ನೆರಡು ಪುಟ. ಹೆಂಡತಿ ನಾಗವೇಣಿ ಒಂಬತ್ತನೇ ಪುಟಕ್ಕೆ ನಿದ್ದೆ ಹೋದಳು. ಓದುವವರನ್ನು ಹುಡುಕಿಕೊಂಡು ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಕುಮಟೆಯ ಸೈಬರ್ ಕೆಫೆಗೆ ಹೋದವನಿಗೆ ಇಂಟರ್ನೆಟ್ಟಿನಲ್ಲಿ ಒಂದು ಬಳಗ ಸಿಕ್ಕಿತು. ಚಿತ್ರಕಥೆ ಬರೆಯುವ ನಲವತ್ತು ಜನರ ಬಳಗ. ಬರೆದದ್ದನ್ನು ಅಲ್ಲಿ ಹಾಕಬೇಕು, ಉಳಿದವರು ಓದಿ ತಪ್ಪು ಒಪ್ಪು ಹೇಳಬೇಕು.

ಅದನ್ನು ಕಟ್ಟಿದವರು ತಮ್ಮ ಹೆಸರು ಹಾಕುತ್ತಿರಲಿಲ್ಲ, ಬರೀ ‘ಸಂಚಾಲಕ’ ಎಂದು ಸಹಿ ಮಾಡುತ್ತಿದ್ದರು. ನಾವೆಲ್ಲ ಗುರುಗಳೇ ಎನ್ನುತ್ತಿದ್ದೆವು. ‘ಕಾರಣವಿಲ್ಲದೆ ದೃಶ್ಯದಲ್ಲಿ ಮಳೆ ಸುರಿಸಬೇಡಿ’ ಎಂದು ಒಮ್ಮೆ ಬರೆದಿದ್ದರು. ನಮ್ಮ ಕರಾವಳಿಯಲ್ಲಿ ಕೂತು ಅದನ್ನು ಪಾಲಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಆದರೆ ಅಷ್ಟು ಖಂಡಿತವಾಗಿ ಮಾತಾಡಬೇಕಾದರೆ ಬಿಳಿ ಗಡ್ಡ, ಹೆಗಲ ಮೇಲೊಂದು ಶಾಲು ಇರಲೇಬೇಕು ಎಂದುಕೊಂಡೆ. ನನ್ನದನ್ನೂ ಅಲ್ಲಿ ಹಾಕಿ ಎಂಟು ತಿಂಗಳು ಕಾದೆ. ಗುರುಗಳು ನನ್ನ ಮದುಮಗನ ಸುದ್ದಿಯನ್ನೇ ಎತ್ತಲಿಲ್ಲ. ಬೇರೆಯವರೂ ಎತ್ತಲಿಲ್ಲ. ಯಾರಾದರೂ ಒಬ್ಬರು ಓದಿ ಕೆಟ್ಟದಾಗಿದೆ ಎಂದಿದ್ದರೂ ಸಾಕಿತ್ತು, ನಿಜಕ್ಕೂ ಅಷ್ಟು ಹಸಿದಿದ್ದೆ.

ಆಗ ಬಂತು ಗುರುಗಳ ಹುಟ್ಟುಹಬ್ಬ. ಶುಭಾಶಯವನ್ನು ಎಲ್ಲರೂ ಒಂದೊಂದು ದೃಶ್ಯದ ರೂಪದಲ್ಲಿ ಬರೆಯುವುದೆಂದು ಬಳಗದಲ್ಲಿ ತೀರ್ಮಾನವಾಯಿತು. ಇದೇ ಸಮಯವೆಂದು ನಾನು ಗುರುಗಳಿಗೆ ಷಷ್ಟ್ಯಬ್ದಿಯನ್ನೇ ಮಾಡಿಸಿದೆ. ಹೊರಾಂಗಣ, ಹಗಲು. ಗುರುಗಳು ಪತ್ನಿಸಮೇತ ಮಣೆಯ ಮೇಲೆ. ಮಕ್ಕಳು ಪಾದ ತೊಳೆಯುತ್ತಾರೆ, ಮೊಮ್ಮಗ ಅಳುತ್ತಾನೆ, ವಾಲಗ.

ನೂರ ಹನ್ನೆರಡು ಪುಟ ಮುಟ್ಟದ ಮಹನೀಯರು ಈ ಒಂದು ಪುಟದ ಮೇಲೆ ಮುಗಿಬಿದ್ದರು. ‘ಸಂಘರ್ಷ ಸಾಲದು’ ಎಂದರು ಒಬ್ಬರು. ‘ಮೊಮ್ಮಗ ಅಳಲು ಕಾರಣ ಕೊಟ್ಟಿಲ್ಲ’ ಎಂದರು ಇನ್ನೊಬ್ಬರು. ಮರುವಾರ ಗುರುಗಳ ಉತ್ತರವೂ ಬಂದಿತ್ತು. ‘ಸರ್, ನನಗೆ ಇಪ್ಪತ್ನಾಲ್ಕು ತುಂಬಿತು. ಮದುವೆ ಆಗಿಲ್ಲ. ನಿಮ್ಮ ದೃಶ್ಯ ಓದಿ ಅಮ್ಮ ತುಂಬ ನಕ್ಕರು. ಉಡುಗೊರೆಯಾಗಿ ಒಂದೇ ಕೇಳುತ್ತೇನೆ. ಬಳಗ ಶುರು ಮಾಡಿದ ದಿನ ಎಲ್ಲಕ್ಕಿಂತ ಮೊದಲು ನನ್ನ ಚಿತ್ರಕಥೆ ಹಾಕಿದ್ದೆ. ಎರಡು ವರ್ಷವಾಯಿತು, ಯಾರೂ ಓದಿಲ್ಲ. ನೀವು ಓದುವಿರಾ?’ ಕೆಳಗೆ ವಿನಾಯಕ ಎಂಬ ಹೆಸರು, ಭಟ್ಕಳದ ಒಂದು ಅಂಗಡಿಯ ವಿಳಾಸ.

ಮನೆಗೆ ಬಂದು ನಾಗವೇಣಿಗೆ ಹೇಳಿದೆ. ಅವಳು ಕೇಳಿದ್ದು ಇಷ್ಟೇ: “ಅಲ್ರೀ, ಎಂಟು ತಿಂಗ್ಳು ಅವ್ರು ಓದ್ಲಿಲ್ಲ ಓದ್ಲಿಲ್ಲ ಅಂತ ನನ್ ತಲೆ ತಿಂದ್ರಿ. ನೀವು ಅಲ್ಲಿ ಯಾರದ್ದು ಓದಿದ್ರಿ?”

ಯಾರದ್ದೂ ಓದಿರಲಿಲ್ಲ. ದಿನಕ್ಕೆ ನಲವತ್ತು ಮಕ್ಕಳ ಪಟ್ಟಿಪುಸ್ತಕ ತಿದ್ದುವ ಮಾಸ್ತರ ನಾನು! ನಾಚಿಕೆಯಾಯಿತು. ಬಳಗದಲ್ಲಿ ನಲವತ್ತು ಜನ ಬರೆಯುವವರಿದ್ದರು, ಓದುವವನು ಒಬ್ಬನೂ ಇರಲಿಲ್ಲ.

ಮುಂದಿನ ಶನಿವಾರ ವಿನಾಯಕನ ಚಿತ್ರಕಥೆಯನ್ನು ಅಚ್ಚು ಹಾಕಿಸಿ ತಂದೆ. ಭಾನುವಾರ ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿದೆ. ಹೊನ್ನಾವರದ ಸೇತುವೆ ದಾಟುವಾಗ ಓದಲು ಶುರು ಮಾಡಿದವನು ಭಟ್ಕಳದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬೆನ್ನು ತಟ್ಟಿದಾಗಲೇ ತಲೆ ಎತ್ತಿದ್ದು. ಬೆಳಕೆ ಎಂಬ ಊರಿನಲ್ಲಿ ಮೀನು ಮಾರುವ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟ ಕಥೆ. ಎರಡು ಕಡೆ ನನಗೆ ಕಣ್ಣೀರು ಬಂತು.

ಅಂಗಡಿ ನೋಡಿದರೆ ಕೊಡೆ ಅಂಗಡಿ! ಮಳೆ ಬೇಡವೆಂದ ಗುರುಗಳು ಕೊಡೆಗಳ ನಡುವೆ ಸಣಕಲಾಗಿ, ಮೀಸೆ ಚಿಗುರಿಸಿಕೊಂಡು ಕೂತಿದ್ದರು. ನನ್ನ ಗುರುತು ಹೇಳಿದೆ. ವಿನಾಯಕ ದಡಬಡಿಸಿ ಎದ್ದು ಸ್ಟೂಲ್ ಒರೆಸಿದ. “ಓದಿದ್ರಾ ಸರ್? ಎಂತ ಅನ್ನಿಸ್ತು?” ಎಂದು ಕೇಳಿದ. ಅರ್ಧ ಗಂಟೆ ಹೇಳಿದೆ. ತಂಗಿ ಖಾಲಿ ಬುಟ್ಟಿ ಹೊತ್ತು ಅಕ್ಕನ ಬಾಗಿಲ ಮುಂದೆ ಹಾದುಹೋಗುವ ದೃಶ್ಯವನ್ನು ಎರಡು ಸಲ ಹೇಳಿಸಿಕೊಂಡ. ಗಿರಾಕಿ ಬಂದರೂ ನೋಡಲಿಲ್ಲ. “ಆತು ಸರ್, ನಂಗೆ ಇಷ್ಟು ಸಾಕು” ಎಂದ. ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಕಂಡದ್ದು ಕಡಿಮೆ.

ದೊಡ್ಡ ಮನುಷ್ಯನಾಗಿದ್ದರೆ ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ನೂರ ಹನ್ನೆರಡು ಪುಟಗಳ ಕಟ್ಟನ್ನು ಹೊರಗೆ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಿತು.

“ಇವತ್ತೇ ಓದ್ತೇನೆ ಸರ್” ಎಂದು ವಿನಾಯಕ ಎರಡೂ ಕೈಯಲ್ಲಿ ಎತ್ತಿಕೊಂಡ. ಆಮೇಲೆ ಗುರುಗಳ ಹಳೆಯ ದನಿಯಲ್ಲಿ ಕೇಳಿದ: “ಇದ್ರಲ್ಲಿ ಮಳೆ ಎಂತಾದ್ರೂ ಇದ್ಯಾ?”

ಹದಿನೇಳು ದೃಶ್ಯಗಳಲ್ಲಿ ಸುರಿಯುತ್ತಿತ್ತು.

“ಸ್ವಲ್ಪ” ಎಂದೆ.